ಮೂಲೆ ಸೇರಿದ ಮಂದ್ರ: ಪುಣೆಯ ಮನೆ ಸ್ಟುಡಿಯೋ ಕುರಿತ ಶಾಸ್ತ್ರವಿಚಾರ

ಮನೆ ಸ್ಟುಡಿಯೋ ಎಂದರೆ ಮೂರು ಗೋಡೆ ಸ್ವಂತದ್ದಾಗಿ, ನಾಲ್ಕನೆಯದರಲ್ಲಿ ಪಕ್ಕದ ಮನೆಯವರಿಗೂ ಪಾಲಿರುವ ಕೋಣೆ. ಪುಣೆಯಲ್ಲಿ ಅದು ಬಹುಮಟ್ಟಿಗೆ ಕೋಥ್ರೂಡದಂಥ ಬಡಾವಣೆಯ ಫ್ಲ್ಯಾಟಿನ ಎರಡನೆಯ ಬೆಡ್‌ರೂಮು. ಹುಬ್ಬಳ್ಳಿಯಿಂದ ನೆಂಟರು ಬಂದರೆ ಮತ್ತೆ ಬೆಡ್‌ರೂಮೇ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರ ಒಂಬತ್ತೂವರೆ ಎಂದಿಟ್ಟುಕೊಂಡರೆ ಶಾಸ್ತ್ರಕ್ಕೆ ಸಾಕು. ಹಾಡುವವರು ಬರುವ ಮೊದಲೇ ಇಂಥ ಕೋಣೆಗೆ ತನ್ನದೇ ಶ್ರುತಿ ಇರುತ್ತದೆ. ಅದು ಯಾರ ಶ್ರುತಿಗೂ ಹೊಂದಿಕೊಳ್ಳುವ ಜಾಯಮಾನದ್ದಲ್ಲ.

ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಎದುರುಬದುರು ಗೋಡೆಗಳ ಅಂತರವನ್ನು ಇಮ್ಮಡಿಸಿ, ಅದರಿಂದ ಈ ವೇಗವನ್ನು ಭಾಗಿಸಿದರೆ ಕೋಣೆಯ ಸ್ವಂತ ಸ್ವರಗಳು ಸಿಗುತ್ತವೆ: ಉದ್ದಕ್ಕೆ 47 ಹರ್ಟ್ಸ್, ಅಗಲಕ್ಕೆ 56 ಚಿಲ್ಲರೆ, ಎತ್ತರಕ್ಕೆ 59 ಚಿಲ್ಲರೆ. ಬೇಸ್ ಗಿಟಾರಿನ ಎ ತಂತಿ 55 ಹರ್ಟ್ಸಿನದು, ಅಂದರೆ ಹತ್ತಡಿ ಅಗಲದ ದಾಯಾದಿ. ಮೀಟಿದ ಕೂಡಲೇ ಕೋಣೆ ಪಾಲು ಕೇಳಲು ಎದ್ದು ನಿಲ್ಲುತ್ತದೆ. ಗೋಡೆಯ ಪಕ್ಕ, ಅದರಲ್ಲೂ ಮೂಲೆಯಲ್ಲಿ ಈ ಗುಂಯ್‌ಗುಡುವಿಕೆ ವಿಪರೀತ. 12 ಅಡಿಯ ನಟ್ಟನಡುವೆ ಮಾತ್ರ 47 ಹರ್ಟ್ಸ್ ನಾಪತ್ತೆ. ಫ್ಯಾನು ಇರುವುದು ಅಲ್ಲೇ, ಆದ್ದರಿಂದ ಕುರ್ಚಿಯೂ ಅಲ್ಲೇ. ಕುಳಿತ ಗೃಹಸ್ಥ ಬೇಸ್ ಸಾಲದೆಂದು ಗುಂಡಿ ತಿರುಗಿಸುತ್ತಾನೆ. ಮುಗಿದ ಹಾಡನ್ನು ಕಾರಿನಲ್ಲಿ ಹಾಕಿದಾಗ ಬಾಗಿಲ ಗಾಜು ನಡುಗುತ್ತದೆ.

ಪುಣೆಯ ಕನ್ನಡಿಗರಿಗೆ ಮೊದಲು ಈ ತೊಂದರೆ ಇರಲಿಲ್ಲವೇ ಎಂದು ಇತಿಹಾಸಕಾರರು ಕೇಳಬಹುದು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿ ಮೊದಲಾದವರು 1953ರಲ್ಲಿ ಇಲ್ಲಿ ಆರಂಭಿಸಿದ ಸಂಗೀತೋತ್ಸವ ದಶಕಗಳ ಕಾಲ ಪೆಂಡಾಲಿನಲ್ಲಿ ನಡೆದಿದೆ. ಬಟ್ಟೆಯ ಗೋಡೆಗೆ ಖರಜವನ್ನು, ಅಂದರೆ ಮಂದ್ರ ಷಡ್ಜವನ್ನು, ಹಿಡಿದಿಡುವ ತಾಕತ್ತಿಲ್ಲ. ಅದು ಒಳಗೆ ಕಿವಿಗೆ ಬಿದ್ದು, ಉಳಿದದ್ದು ಹಾಯಾಗಿ ರಸ್ತೆಗೆ ಹೋಗುತ್ತದೆ. ಆರ್‌ಸಿಸಿ ಗೋಡೆ ಬಿಡುವುದಿಲ್ಲ. ಕಪ್ಪು ಒಂದಕ್ಕೆ ಕೂಡಿಸಿದ ತಂಬೂರಿಯ ಖರಜ ತಂತಿ 69 ಹರ್ಟ್ಸ್. ಅದನ್ನು ಹತ್ತಡಿ ಕೋಣೆಯಲ್ಲಿ ಮುದ್ರಿಸುವವನು ತಂಬೂರಿಯ ಜತೆಗೆ ಬಿಲ್ಡರನ ಕೆಲಸವನ್ನೂ ಮುದ್ರಿಸುತ್ತಾನೆ.

ಮಾಪನಕ್ಕೆ ಬೇಕಾದದ್ದು ಒಂದು ಅಳತೆ ಮೈಕು, ಲ್ಯಾಪ್‌ಟಾಪು, ಮತ್ತು ಪುಕ್ಕಟೆ ಸಿಗುವ ರೂಮ್ ಇಕ್ಯೂ ವಿಜಾರ್ಡ್ ಎಂಬ ತಂತ್ರಾಂಶ. ಮೈಕನ್ನು ಮುಂದಿನ ಗೋಡೆಯಿಂದ ಉದ್ದದ ಶೇ. 38ರಷ್ಟು ದೂರದಲ್ಲಿ, ಅಂದರೆ ನಾಲ್ಕೂವರೆ ಅಡಿಯಲ್ಲಿ, ಕುಳಿತವರ ಕಿವಿಯ ಎತ್ತರಕ್ಕೆ ನಿಲ್ಲಿಸಬೇಕು. ನಂತರ 20ರಿಂದ 200 ಹರ್ಟ್ಸ್‌ವರೆಗೆ ಏರುವ ಸ್ವರವನ್ನು ಬಿಡಬೇಕು. ಅದು ಹಳೆಯ ನೀರಿನ ಪಂಪು ನಿದ್ದೆಯಿಂದೇಳುವಂತೆ ಕೇಳುತ್ತದೆ. ಎಲ್ಲೋ ಮಧ್ಯೆ ಅಡುಗೆಮನೆಯ ಪಾತ್ರೆ ಸ್ಟ್ಯಾಂಡಿನಲ್ಲಿ ಒಂದೇ ಒಂದು ಸ್ಟೀಲ್ ತಟ್ಟೆ ಝಣಝಣ ಎನ್ನುತ್ತದೆ, ಬಾಕಿಯವು ಸುಮ್ಮನಿರುತ್ತವೆ. ಆ ತಟ್ಟೆಯನ್ನು ತೆಗೆದು ಮತ್ತೆ ಅಳೆಯಬೇಕು. ಇಲ್ಲವಾದರೆ ನಕ್ಷೆಯಲ್ಲಿ ತಟ್ಟೆಯೂ ಬರುತ್ತದೆ.

ಮಾಪನದ ಮುಹೂರ್ತ ಇನ್ನೂ ಸೂಕ್ಷ್ಮ. ಮಧ್ಯಾಹ್ನ 1ರಿಂದ 4 ಪುಣೆಯ ವಾಮಕುಕ್ಷಿಯ ಹೊತ್ತು, ವರ್ಜ್ಯ. ಗಣೇಶೋತ್ಸವಕ್ಕೆ ಮೊದಲಿನ ಸಂಜೆಗಳಲ್ಲಿ ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಷಾ ಪಥಕಗಳ ತಾಲೀಮು. ಆಗ ಅಳೆದರೆ ಸಿಗುವುದು ನದಿಯ ನಕ್ಷೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿ ಹಾಕಿವೆ. ಆದರೆ ಆ ಲೆಕ್ಕ ಎ-ತೂಕದ್ದು, ಅಂದರೆ ಮಂದ್ರ ಸ್ವರಗಳನ್ನು ಕಡಿಮೆ ಎಣಿಸುವಂಥದು. 50 ಹರ್ಟ್ಸಿನಲ್ಲಿ ಅದು ಸುಮಾರು 30 ಡೆಸಿಬೆಲ್ ರಿಯಾಯಿತಿ ಕೊಡುತ್ತದೆ. ಕಾನೂನಿನ ಕಿವಿಗೆ ಮಂದ್ರ ಅಷ್ಟಾಗಿ ಕೇಳಿಸದು, ಪಕ್ಕದ ಮನೆಯ ಅಜ್ಜಿಗೆ ಕೇಳಿಸುತ್ತದೆ.

ಪರಿಹಾರದ ವಿಷಯದಲ್ಲಿ ಪೂರ್ವಪಕ್ಷ ಗೋಡೆಗೆ ಅಂಟಿಸುವ ಮೊಟ್ಟೆ ಟ್ರೇಗಳದು. 47 ಹರ್ಟ್ಸಿನ ಅಲೆ 24 ಅಡಿ ಉದ್ದ. ಅದಕ್ಕೆ ಎರಡಿಂಚಿನ ಟ್ರೇ ಎಂದರೆ ಆನೆಗೆ ಸೊಳ್ಳೆಪರದೆ. ಇಕ್ವಲೈಸರ್ ಪಕ್ಷದವರು ಅರ್ಧ ಸರಿ: ಉಬ್ಬನ್ನು ತಗ್ಗಿಸಬಹುದು, ಆದರೆ ಅಲೆಗಳು ಪರಸ್ಪರ ಅಳಿಸಿಕೊಂಡು ಆದ ತಗ್ಗಿಗೆ ಎಷ್ಟು ಸುರಿದರೂ ತೂತಿನ ಕೊಡ. ಕಾಲು ಅಲೆಯಷ್ಟು ದಪ್ಪ ಹೀರುಗವೇ ಆದರ್ಶವೆಂದರೆ ಆರು ಅಡಿ ರಾಕ್‌ವೂಲ್ ತುಂಬಬೇಕು. ಆಗ ಗಾಯಕ ಬಾಲ್ಕನಿಯಲ್ಲಿ. ಆದ್ದರಿಂದ ಸಿದ್ಧಾಂತ: ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನ ಚೌಕಟ್ಟು, ಅದರಲ್ಲಿ ಆರಿಂಚು ರಾಕ್‌ವೂಲ್, ಹಿಂದೆ ಖಾಲಿ ಜಾಗ, ಮೇಲೆ ಬಟ್ಟೆ, ನಾಲ್ಕೂ ಮೂಲೆಗೆ ಅಡ್ಡಲಾಗಿ.

ಇಲ್ಲೇ ವಾಸ್ತುಶಾಸ್ತ್ರದ ತಕರಾರು ಬರುವುದು. ನೈರುತ್ಯ ಭಾರವಾಗಿರಲಿ ಎಂಬಲ್ಲಿ ಎರಡು ಶಾಸ್ತ್ರಗಳಿಗೂ ಒಮ್ಮತ; ಅಲ್ಲಿನ ಕಬ್ಬಿಣದ ಬೀರುವಿನ ತೆಳು ತಗಡು ತಾನೇ ನಡುಗಿ ಒಂದಿಷ್ಟು ಬೇಸ್ ನುಂಗುವುದೂ ಉಂಟು. ಈಶಾನ್ಯ ಖಾಲಿಯಿರಬೇಕೆಂದು ಮನೆಯ ಹಿರಿಯರು ಹಟ ಹಿಡಿದರೆ ಬೇಸ್ ಅಲ್ಲಿಯೇ ಠಿಕಾಣಿ ಹೂಡುತ್ತದೆ. ರಾಜಿಸೂತ್ರ ಹತ್ತಿಯ ಗಾದಿ: ಮಡಚಿ ಒಂದರ ಮೇಲೊಂದು ಸೂರಿನ ತನಕ ಪೇರಿಸಿದರೆ ಅದು ಸಾಮಾನು ಎನಿಸುವುದಿಲ್ಲ. ನೂರು ಹರ್ಟ್ಸಿನ ಮೇಲೆ ಗಾದಿ ಚೆನ್ನಾಗಿ ಹೀರುತ್ತದೆ, 47ರಲ್ಲಿ ಅರೆಬರೆ. ಆ ಹತ್ತಿಯನ್ನು ಹಿಂಜುವಾಗ ಪಿಂಜಾರನ ಬಿಲ್ಲಿನ ಹೆದೆ ಹೊರಡಿಸಿದ ಠೊಂಯ್ ಸ್ವರ ಎಷ್ಟು ಹರ್ಟ್ಸ್ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಮರುಮಾಪನದಲ್ಲಿ ನೋಡಬೇಕಾದದ್ದು ಉಬ್ಬುತಗ್ಗುಗಳಿಗಿಂತ ಹೆಚ್ಚಾಗಿ ಸ್ವರ ಎಷ್ಟು ಬೇಗ ಅಡಗುತ್ತದೆ ಎಂಬುದನ್ನು. ನೆಂಟರು ಬಂದ ರಾತ್ರಿ ಗಾದಿಗಳು ನೆಲಕ್ಕಿಳಿಯುತ್ತವೆ, ಈಶಾನ್ಯ ಮತ್ತೆ ಗುಂಯ್‌ಗುಡುತ್ತದೆ. ಅವರು ಹೋಗುವ ತನಕ ರೆಕಾರ್ಡಿಂಗ್ ಇಟ್ಟುಕೊಳ್ಳಬಾರದು.