ವಾರಸುದಾರರ ಪೆಟ್ಟಿಗೆ

ಬ್ರಹ್ಮಾವರದಿಂದ ಬಾರಕೂರಿಗೆ ಹೋಗುವ ದಾರಿಯ ಒಂದು ಹಳೆಯ ಮನೆಯ ಉಪ್ಪರಿಗೆಯಲ್ಲಿ, ಮುಡಿ ಕಟ್ಟುವ ಹುಲ್ಲುಹಗ್ಗಗಳ ನಡುವೆ, ನಾಲ್ಕು ತಲೆಮಾರಿನ ದಸ್ತಾವೇಜುಗಳನ್ನು ಒಡಲಲ್ಲಿಟ್ಟುಕೊಂಡು ಕುಳಿತಿರುವ ಹಲಸಿನ ಮರದ ಪೆಟ್ಟಿಗೆಯೊಂದು ದಾಯಭಾಗದ ಮರ್ಮವನ್ನೆಲ್ಲ ಬಲ್ಲುದೆಂದು ಕೇಳಿ, ಸಂದರ್ಶನಕ್ಕೆ ಅಪ್ಪಣೆ ಬೇಡಿದೆನು. ಮುಚ್ಚಳವು ಕಿರುಗುಟ್ಟಿತು, ಅದನ್ನೇ ಸಮ್ಮತಿಯೆಂದು ಭಾವಿಸಿದೆನು. ಮೇಲುಗಡೆಯೇ ಇದ್ದ ಛಾಪಾಕಾಗದದಲ್ಲಿ ಗೆದ್ದಲು ಯಜಮಾನನ ಹೆಸರನ್ನು ಪೂರ್ತಿಯಾಗಿ ತಿಂದು, ರಾಣಿಯ ಮುದ್ರೆಯನ್ನು ಮಾತ್ರ ಗೌರವದಿಂದ ಉಳಿಸಿತ್ತು.

ನಾನು: ತಮ್ಮ ಒಡೆಯರು ಯಾರು?

ಪೆಟ್ಟಿಗೆ: ಅದನ್ನು ತಿಳಿಯಲೆಂದೇ ನನ್ನನ್ನು ಗಾಡಿಯ ಮೇಲೇರಿಸಿ ಕುಂದಾಪುರದ ಮುನ್ಸೀಫ್ ಕೋರ್ಟಿಗೆ ಒಯ್ದಿದ್ದರು, ಮಾರಾಯರೆ. ನಮ್ಮದು ಅಳಿಯಸಂತಾನ ಕಟ್ಟು; ಸೊತ್ತು ಮಗನಿಗಲ್ಲ, ಸೋದರಿಯ ಸಂತತಿಗೆ. ಕುಂಡೋದರ ಭೂತವು ನರಬಲಿ ಕೇಳಿದಾಗ ರಾಜನ ಹೆಂಡತಿ ಮಕ್ಕಳನ್ನು ಕೊಡಲೊಲ್ಲದಿರಲು, ರಾಜನ ತಂಗಿಯು ತನ್ನ ಮಗನನ್ನು ತಂದು ನಿಲ್ಲಿಸಿದಳೆಂದೂ, ಬದುಕಿ ಉಳಿದ ಆ ಅಳಿಯನೇ ಭೂತಾಳಪಾಂಡ್ಯನೆಂಬ ಹೆಸರಿನಿಂದ ಈ ಬಾರಕೂರನ್ನು ಆಳಿ ಕಟ್ಟಳೆ ಮಾಡಿದನೆಂದೂ ಐತಿಹ್ಯ.

ನಾನು: ಆಂಗ್ಲರು ಅದನ್ನು ನಂಬಿದರೆ?

ಪೆಟ್ಟಿಗೆ: ಭೂತಾಳಪಾಂಡ್ಯನ ಹೆಸರಿನ ಗ್ರಂಥವು ಕೃತಕವೆಂದು ಮದ್ರಾಸಿನ ನ್ಯಾಯಾಧೀಶರೇ ಶಂಕಿಸಿದರು, ಕಟ್ಟನ್ನು ಮಾತ್ರ ನಮಗಿಂತಲೂ ನಿಷ್ಠೆಯಿಂದ ಪಾಲಿಸಿದರು. ಕೆನರಾ ಜಿಲ್ಲೆಯನ್ನೇ ಹೋಳುಮಾಡಿ 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಒಪ್ಪಿಸಿದ ಪ್ರಭುತ್ವದ ಉಚ್ಚನ್ಯಾಯಾಲಯವು, ಮರುವರ್ಷವೇ, ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರು ಬಲವಂತವಾಗಿ ಪಾಲು ಕೇಳಕೂಡದೆಂದು ತೀರ್ಪಿತ್ತಿತು. ಪಾಲು ಮಾಡುವ ಸುಖ ಸರಕಾರಕ್ಕೊಂದೇ ಮೀಸಲು.

ನಾನು: ವಾರಸುದಾರರೇ ಇಲ್ಲದೆ ಹೋದರೆ?

ಪೆಟ್ಟಿಗೆ: ಆಗಲೂ ಸರಕಾರವೇ. ದೇವಸ್ಥಾನದ ಉಂಬಳಿ, ಸೇತುವೆ, ಛತ್ರ, ವಾರಸಿಲ್ಲದ ಸೊತ್ತು, ಇವೆಲ್ಲವನ್ನೂ ಮದ್ರಾಸಿನ 1817ರ ಏಳನೆಯ ರೆಗ್ಯುಲೇಶನ್ ಒಂದೇ ಗೋಣಿಯಲ್ಲಿ ತುಂಬಿ ರೆವಿನ್ಯೂ ಬೋರ್ಡಿನ ವಶಕ್ಕೆ ಕೊಟ್ಟಿತ್ತು. ಸೂತಕವಿಲ್ಲ, ಬೊಜ್ಜದ ಖರ್ಚಿಲ್ಲ, ಎಳ್ಳುನೀರು ಬಿಡಬೇಕಿಲ್ಲ; ಇಂಥ ನೆಂಟ ಯಾವ ಕುಲದಲ್ಲಿದ್ದಾನೆ, ಹೇಳಿ?

ನಾನು: ಬ್ರಾಹ್ಮಣನ ಸೊತ್ತನ್ನು ರಾಜನು ಮುಟ್ಟಬಾರದೆಂದು ಮನು ಹೇಳಿದ್ದಾನಲ್ಲ?

ಪೆಟ್ಟಿಗೆ: ಮಚಲೀಪಟ್ಟಣದ ಕಲೆಕ್ಟರರ ವ್ಯಾಜ್ಯದಲ್ಲಿ ಆ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲಿನ ತನಕ ಕೊಂಡೊಯ್ದರು. ವಾರಸಿಲ್ಲದ ಬ್ರಾಹ್ಮಣನ ಆಸ್ತಿಯೂ ರಾಜಮುಕುಟಕ್ಕೆ ಸಲ್ಲತಕ್ಕದ್ದೆಂದು 1860ರಲ್ಲಿ ಅಪ್ಪಣೆಯಾಯಿತು. ಉಳಿದ ವಿಷಯಗಳಲ್ಲಿ ಮನುವನ್ನು ಮನ್ನಿಸಿದವರು ಖಜಾನೆಯ ಬಾಗಿಲಲ್ಲಿ ಅವನನ್ನು ತಡೆದರು. ಆದರೆ ನಮ್ಮ ಕಡೆ ಈ ನೆಂಟನ ಬೇಳೆ ಸುಲಭವಾಗಿ ಬೇಯಲಿಲ್ಲ. ಇಲ್ಲಿ ಯಜಮಾನನ ಉಸಿರು ನಿಂತ ಸುದ್ದಿ ಹೊಳೆ ದಾಟುವುದರೊಳಗೆ, ಅವನ ಜೀವಮಾನದಲ್ಲಿ ಒಂದು ಸೇರು ಕುಚ್ಚಲಕ್ಕಿಯ ಉಪಕಾರವನ್ನೂ ಮಾಡದವರು ಬೈಂದೂರಿನಿಂದ ಬಂದಿಳಿದು, ತಮ್ಮ ಅಜ್ಜಿಯ ಅಜ್ಜಿಯೂ ಈ ಮನೆಯ ಮೂಲಸ್ತ್ರೀಯೂ ಒಂದೇ ಹೊಟ್ಟೆಯವರೆಂದು ಪ್ರಮಾಣಮಾಡಲು ಸಿದ್ಧರಾಗುತ್ತಿದ್ದರು.

ನಾನು: ಈಗ ಪಾಲಿಗೆ ಕಾನೂನು ಬಂದಿದೆಯಷ್ಟೆ?

ಪೆಟ್ಟಿಗೆ: ಆಂಗ್ಲರು ಹೋದ ಮೇಲೆ, 1949ರಲ್ಲಿ. ಕವರು ಎಂದರೆ ಕುಟುಂಬದಲ್ಲಿ ಒಬ್ಬ ಹೆಣ್ಣಿನಿಂದ ಹೊರಟ ಕವಲು. ಐವತ್ತು ತುಂಬದ ಹೆಂಗಸೊಬ್ಬಳಾದರೂ ಇರುವ ಕವರು ಸಂತತಿ ಕವರು; ಇಲ್ಲದ್ದು ನಿಸ್ಸಂತತಿ. ಕುಟುಂಬದಲ್ಲಿ ಬೇರೆಡೆ ಐವತ್ತರೊಳಗಿನ ಹೆಣ್ಣಿದ್ದರೆ, ನಿಸ್ಸಂತತಿಗೆ ಸಿಕ್ಕಿದ ಪಾಲು ಜೀವಮಾನದ ಅನುಭೋಗಕ್ಕೆ ಮಾತ್ರವಾಗಿತ್ತು. ನಲವತ್ತೊಂಬತ್ತರ ನಮ್ಮ ಯಜಮಾನ್ತಿಗೆ ಆ ವರ್ಷ ಅಣ್ಣತಮ್ಮಂದಿರಿಂದ ದೊರೆತ ಉಪಚಾರ ಆಕೆಯ ಬಾಣಂತನದಲ್ಲಿಯೂ ದೊರೆತಿರಲಿಲ್ಲ. ಎದುರು ಕಕ್ಷಿಯವರು ಆಕೆಗೆ ಐವತ್ತೆರಡೆಂದರು.

ನಾನು: ಜಾತಕವಿರಲಿಲ್ಲವೆ?

ಪೆಟ್ಟಿಗೆ: ನನ್ನಲ್ಲಿಯೇ ಇತ್ತು, ಎಡಮೂಲೆಯಲ್ಲಿ, ಮೂಲಗೇಣಿ ಚೀಟಿನ ಕೆಳಗೆ. ತೆಗೆದವರು ಯಾರೆಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಇನ್ನೂ ಅಪೀಲಿನಲ್ಲಿದೆ.