ಪಟ್ಟಿ ರಾಯರ ಬೇಟೆನಾಯಿ

ಕೆಲವರು ಸಾಮಾನು ಕೊಳ್ಳುತ್ತಾರೆ, ಕೆಲವರು ಸಾಮಾನು ಕೊಳ್ಳುವ ವಿಚಾರ ಮಾಡುತ್ತಾರೆ. ನಮ್ಮ ಬಡಾವಣೆಯ ಪಟ್ಟಿ ರಾಯರು ಎರಡನೆಯ ಪಂಗಡದ ಪೀಠಾಧಿಪತಿಗಳು. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಅಳೆದೂ ಸುರಿದೂ ನಿವೃತ್ತರಾದ ಈ ಮಹನೀಯರಿಗೆ ನಾಮಕರಣದ ಹೆಸರೊಂದು ಇದ್ದೇ ಇದೆ, ಆದರೆ ಅದು ಗ್ಯಾಸ್ ಸಿಲಿಂಡರ್ ತರುವವನಿಗೆ ಮಾತ್ರ ಗೊತ್ತು. ಗೀಸರ್ ಕೊಳ್ಳಬೇಕೆಂದರೆ ಪಟ್ಟಿ. ಅದು ಸಿದ್ಧವಾಗುವ ಹೊತ್ತಿಗೆ ಶಿವರಾತ್ರಿ ಬಂದು ಚಳಿ ಶಿವಶಿವಾ ಎಂದು ಓಡಿಹೋಗಿರುತ್ತದೆ. ಮಗಳಿಗೆ ಗಂಡು ನೋಡಬೇಕೆಂದರೆ ಪಟ್ಟಿ; ಅದಕ್ಕೆ ಅಂಕ ಹಾಕಿ ಮುಗಿಸುವಷ್ಟರಲ್ಲಿ ಮಗಳು ಪಟ್ಟಿಯಲ್ಲಿ ಇಲ್ಲದವನೊಬ್ಬನನ್ನು ತಾನೇ ನೋಡಿಕೊಂಡಿದ್ದಳು.

ಇಂಥವರು ನಿಮ್ಮ ಬಳಗದಲ್ಲೂ ಒಬ್ಬರಿರಬೇಕು. ಹೋಟೆಲಿನಲ್ಲಿ ಮೆನು ಕಾರ್ಡನ್ನು ಪಾರಾಯಣ ಮಾಡಿ, ಪೂರಿ ಎಷ್ಟು ಬರುತ್ತೆ, ಸಾಗು ಯಾವುದು, ದೋಸೆಗೆ ಹಾಕೋದು ಎಣ್ಣೆಯೋ ತುಪ್ಪವೋ ಎಂದು ಮಾಣಿಯ ಬೆವರಿಳಿಸಿ, ಕೊನೆಗೆ ಎರಡು ಇಡ್ಲಿ ತರಿಸುವವರು. ಅವರ ಹೊಟ್ಟೆ ತುಂಬುವುದು ಮೆನು ಕಾರ್ಡಿನಲ್ಲೇ.

ರಾಯರಿಗೆ ನಾಯಿಯ ಹುಚ್ಚು ಹತ್ತಿಸಿದ್ದು ‘777 ಚಾರ್ಲಿ’. 2022ರಲ್ಲಿ ನಾಡೆಲ್ಲ ಕರ್ಚೀಫು ಒದ್ದೆ ಮಾಡಿಕೊಂಡು ನೋಡಿದ ಆ ಸಿನಿಮಾವನ್ನು ರಾಯರು ವಿಮರ್ಶೆಗಳನ್ನೆಲ್ಲ ಓದಿ ಮುಗಿಸಿದ ಮೇಲೆ ಸಾವಕಾಶವಾಗಿ ಟಿವಿಯಲ್ಲಿ ನೋಡಿದರು. ಧರ್ಮ ಎಂಬ ಒಂಟಿ ಯುವಕ ತನ್ನ ಲ್ಯಾಬ್ರಡಾರ್ ನಾಯಿಗೆ ಹಿಮ ತೋರಿಸಲು ಬೈಕಿಗೆ ಸೈಡ್‌ಕಾರ್ ಕಟ್ಟಿಕೊಂಡು ಉತ್ತರಕ್ಕೆ ಹೊರಡುವಾಗ ಮನೆಯವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರೆ, ರಾಯರು ಮಾತ್ರ ನೋಟ್‌ಬುಕ್ಕಿಗೆ ಕೈ ಹಾಕಿದ್ದರು. “ಲ್ಯಾಬ್ರಡಾರ್ ಮೂವತ್ತು ಕೆಜಿ ತೂಗುತ್ತೆ. ನಮ್ಮ ಕಾರಿಗೆ ಹೊಂದಲ್ಲ.”

ಮರುದಿನ ಪಾರ್ಕಿನ ವಾಕಿಂಗಿನಲ್ಲಿ ಷರತ್ತುಗಳು ಹೊರಬಿದ್ದವು. ನಾಯಿ ಸಣ್ಣದಿರಬೇಕು. ಊರೂರು ಸುತ್ತಲು ಒಗ್ಗಬೇಕು. ಮತ್ತು ಬೇಟೆನಾಯಿಯೇ ಆಗಿರಬೇಕು.

“ಬೇಟೆನಾಯಿ ಯಾಕೆ ರಾಯರೇ?” ಎಂದೆ.

“ಗೊತ್ತಿಲ್ಲದ ಊರು, ಗೊತ್ತಿಲ್ಲದ ಲಾಡ್ಜು. ರಕ್ತದಲ್ಲೇ ಧೈರ್ಯ ಇರೋ ಪ್ರಾಣಿ ಜೊತೆಗಿರಬೇಕು ಸ್ವಾಮಿ” ಎಂದರು. ಬಚ್ಚಲಲ್ಲಿ ಜಿರಲೆ ಕಂಡರೆ ಬಾಗಿಲು ಹಾಕಿಕೊಂಡು ಹೆಂಡತಿಯನ್ನು ಕೂಗುವವರು ಈ ಮಾತು ಹೇಳಿದ್ದರಲ್ಲಿ ಒಂದು ನ್ಯಾಯವಿತ್ತು.

ಪಟ್ಟಿಯಲ್ಲಿ ಮೊದಲು ನಿಂತದ್ದು ಡ್ಯಾಷ್‌ಹುಂಡ್. ಉದ್ದ ಮೈ, ಗಿಡ್ಡ ಕಾಲು. ಜರ್ಮನಿಯವರು ಇದನ್ನು ಬ್ಯಾಜರ್ ಎಂಬ ಬಿಲವಾಸಿಯ ಬೇಟೆಗೆಂದು ಬೆಳೆಸಿದರು. ನೆಲದೊಳಗೆ ನುಗ್ಗಿ ಆ ಪ್ರಾಣಿಯನ್ನು ಮೂಲೆಗೆ ಒತ್ತರಿಸಿ ಬೊಗಳುವುದು ನಾಯಿಯ ಕೆಲಸ. ಮೇಲೆ ನಿಂತು ಆ ಸದ್ದಿನ ಜಾಡು ಹಿಡಿದು ಅಗೆಯುವುದು ಬೇಟೆಗಾರನ ಕೆಲಸ. ಮಣ್ಣಿನಡಿಯಿಂದ ಮೇಲಕ್ಕೆ ಕೇಳಿಸಬೇಕೆಂದರೆ ಗಂಟಲು ಹೇಗಿರಬೇಕು ನೋಡಿ! ಅಂಗೈಯಗಲದ ನಾಯಿ, ಬಾಯಿ ಮಾತ್ರ ಆನೆಬಾಗಿಲು. ರಾಯರು ‘ಬೊಗಳಿಕೆ’ ಎಂಬ ಕಾಲಂನಲ್ಲಿ ಕೆಂಪು ಶಾಯಿಯ ಗುರುತು ಹಾಕಿದರು. ಉದ್ದ ಬೆನ್ನಿಗೆ ಮೂಳೆಯ ತೊಂದರೆ ಬರುವುದುಂಟು, ಮೆಟ್ಟಿಲು ಹತ್ತಿಳಿಯುವುದು, ಎತ್ತರದಿಂದ ಜಿಗಿಯುವುದು ಒಳ್ಳೆಯದಲ್ಲ ಎಂದು ತಿಳಿದ ಮೇಲೆ ಇನ್ನೊಂದು ಗುರುತು ಬಿತ್ತು. ರಾಯರ ಪ್ರವಾಸದ ಪಟ್ಟಿಯಲ್ಲಿ ಶ್ರವಣಬೆಳಗೊಳ ಇತ್ತು.

ಆದರೂ ಡ್ಯಾಷ್‌ಹುಂಡ್ ಮೇಲೆ ಅವರಿಗೊಂದು ಮಮತೆ. ಕಾರಣ ಒಂದು ಕಾಕತಾಳೀಯ, ಅದನ್ನು ಅವರು ಪಾರ್ಕಿನ ಪ್ರತಿ ಬೆಂಚಿಗೂ ಹೋಗಿ ಹೇಳಿ ಬಂದರು. 1972ರ ಮ್ಯೂನಿಕ್ ಒಲಿಂಪಿಕ್ಸಿನ ಲಾಂಛನ ವಾಲ್ಡಿ ಎಂಬ ಡ್ಯಾಷ್‌ಹುಂಡ್. ಅಲ್ಲಿನ ಮ್ಯಾರಥಾನ್ ಓಟದ ದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಆ ನಾಯಿಯದೇ ಆಕಾರ ಕಾಣುವಂತೆ ಹಾಕಿದ್ದರು. ಓಟ ನಡೆದದ್ದು ಸೆಪ್ಟೆಂಬರ್ 10ರಂದು. ಅದರ ಹಿಂದಿನ ದಿನ, ಸೆಪ್ಟೆಂಬರ್ 9ರಂದು, ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿತ್ತು. “ಅಂದ್ರೆ ಅಲ್ಲಿ ಬೇಟೆನಾಯಿ ಮೇಲೆ ಜನ ಓಡೋ ಹೊತ್ತಿಗೆ, ಇಲ್ಲಿ ಬೇಟೆಯೇ ಮನೆಗೆ ಹೋಯ್ತು!” ಎಂದು ರಾಯರು ತಾವೇ ನಕ್ಕರು. ಬೇಟೆಯೇ ಮನೆಗೆ ಹೋದ ದೇಶದಲ್ಲಿ ಬೇಟೆನಾಯಿ ಯಾಕೆ ಎಂದು ಕೇಳುವ ಧೈರ್ಯ ಬೆಂಚಿನ ಮೇಲಿದ್ದ ಯಾರ ರಕ್ತದಲ್ಲೂ ಇರಲಿಲ್ಲ.

ಎರಡನೆಯದು ಬೀಗಲ್. ಇಂಗ್ಲೆಂಡಿನವರು ಕಾಲ್ನಡಿಗೆಯಲ್ಲಿ ಮೊಲದ ಬೇಟೆಗೆ ಹೋಗುವಾಗ ಗುಂಪುಗುಂಪಾಗಿ ಬಿಡುತ್ತಿದ್ದ ನಾಯಿ. ಎತ್ತರ ಒಂದಡಿಗಿಂತ ಸ್ವಲ್ಪ ಹೆಚ್ಚು, ತೂಕ ಹತ್ತು ಕೆಜಿ ಆಸುಪಾಸು. ಕಾರ್ಟೂನಿನ ಸ್ನೂಪಿಯೂ ಬೀಗಲ್ಲೇ ಎಂದು ಮೊಮ್ಮಗ ಶಿಫಾರಸು ಮಾಡಿದ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸೂಟ್‌ಕೇಸಿನಲ್ಲಿ ಅಡಗಿದ ಹಣ್ಣು, ಮಾಂಸ ಪತ್ತೆ ಹಚ್ಚಲು 1984ರಿಂದ ಇವನ್ನೇ ಇಟ್ಟುಕೊಂಡಿದ್ದಾರೆ. ಇದನ್ನು ಕೇಳಿದ ರಾಯರ ಮನೆಯವರು, “ಹೋದ ಸಲ ಮಗಳ ಮನೆಗೆ ಹೋದಾಗ ನನ್ನ ಮಾವಿನಹಣ್ಣು ಹಿಡಿದುಕೊಟ್ಟಿದ್ದು ಇದೇ ಪಾಪಿ. ಇದು ನಮ್ಮ ಮನೆ ಹೊಸಿಲು ತುಳಿಯಕೂಡದು” ಎಂದುಬಿಟ್ಟರು. ರಾಯರ ಆಕ್ಷೇಪ ಬೇರೆ. ವಾಸನೆ ಮೂಗಿಗೆ ಬಡಿದರೆ ಬೀಗಲ್‌ಗೆ ಜಾಣಗಿವುಡು, ಯಜಮಾನ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. “ಮದ್ದೂರಲ್ಲಿ ಕಾರಿನ ಬಾಗಿಲು ತೆಗೆದ್ರೆ ವಡೆ ವಾಸನೆ ಹಿಡಿದು ಮಳವಳ್ಳಿಗೆ ಹೋಗಿಬಿಡುತ್ತೆ.”

ಮೂರನೆಯದು ಜ್ಯಾಕ್ ರಸೆಲ್ ಟೆರಿಯರ್. ಜಾನ್ ರಸೆಲ್ ಎಂಬ ಇಂಗ್ಲಿಷ್ ಪಾದ್ರಿ ಆಕ್ಸ್‌ಫರ್ಡಿನಲ್ಲಿ ಓದುವಾಗ, 1819ರಲ್ಲಿ, ಹಾಲಿನವನ ಹತ್ತಿರ ಟ್ರಂಪ್ ಎಂಬ ಬಿಳಿ ಹೆಣ್ಣುನಾಯಿಯನ್ನು ನೋಡಿದ ಕೂಡಲೇ ಕೊಂಡುಕೊಂಡನಂತೆ. ಅಲ್ಲಿಂದ ಬೆಳೆದದ್ದು ಈ ತಳಿ. “ನೋಡಿದ ಕೂಡಲೇ!” ಎಂದು ರಾಯರು ತಲೆ ಚಚ್ಚಿಕೊಂಡರು. “ಒಂದು ಮಾತು ವಿಚಾರಿಸಲಿಲ್ಲ ನೋಡಿ.” ಗ್ರಾಮಫೋನ್ ಎದುರು ಕಿವಿ ನಿಮಿರಿಸಿ ಕೂತ ಎಚ್‌ಎಂವಿ ನಾಯಿ ನಿಪ್ಪರ್ ಕೂಡ ಈ ಬಳಗದ್ದೇ ಇರಬೇಕೆಂದು ಹೇಳುತ್ತಾರೆ. ಪಿ. ಕಾಳಿಂಗರಾಯರ ಹಾಡು ಕೇಳುತ್ತಾ ಬೆಳೆದ ರಾಯರಿಗೆ ಇದೊಂದು ದೊಡ್ಡ ಶಿಫಾರಸು. ಆದರೆ ನಿಪ್ಪರ್ ಸುಮ್ಮನೆ ಕೂತದ್ದು ಚಿತ್ರದಲ್ಲಿ ಮಾತ್ರ. ನರಿಯನ್ನು ಬಿಲದಿಂದ ಎಬ್ಬಿಸಲು ಹುಟ್ಟಿದ ನಾಯಿ ಇದು. ದಿನಕ್ಕೆ ಗಂಟೆಗಟ್ಟಲೆ ಓಡಿಸದಿದ್ದರೆ ಸೋಫಾದಲ್ಲೇ ನರಿ ಇದೆಯೆಂದು ತೀರ್ಮಾನಿಸಿ ಅಗೆಯಲು ಶುರುಮಾಡುತ್ತದೆ. ಕೆಂಪು ಗುರುತು.

ಹೀಗೆ ಪಟ್ಟಿ ಬೆಳೆಯಿತು. ಬೊಗಳದ ನಾಯಿಯೊಂದು ಕಾಂಗೋ ದೇಶದ ಕಡೆ ಇದೆ, ಹೆಸರು ಬಸೆಂಜಿ ಎಂದು ತಿಳಿದಾಗ ರಾಯರು ಎರಡು ದಿನ ಹೋಳಿಗೆ ಉಂಡವರ ಮುಖದಲ್ಲಿ ಓಡಾಡಿದರು. ಅದು ಬೊಗಳುವುದಿಲ್ಲ ನಿಜ, ಬದಲಿಗೆ ರಾಗ ಎಳೆಯುತ್ತದೆ ಎಂದು ಗೊತ್ತಾದ ಮೇಲೆ ಮುಖ ಇಳಿಯಿತು. ಬಾಗಲಕೋಟೆ ಕಡೆಯ ನೆರೆಯವರೊಬ್ಬರು, “ನಮ್ಮ ಮುಧೋಳ ನಾಯಿ ಬಿಟ್ಟು ಊರಮಂದಿ ನಾಯಿ ಯಾಕ್ರೀ ಹುಡುಕ್ತೀರಿ? ಅಂಚೆ ಚೀಟಿ ಮ್ಯಾಲ ಬಂದದ್ರೀ ಅದು!” ಎಂದು ಮೈಮೇಲೆ ಬಂದರು. 2005ರಲ್ಲಿ ಬಂದದ್ದು ನಿಜ. ಆದರೆ ಭುಜದೆತ್ತರ ಎಪ್ಪತ್ತು ಸೆಂಟಿಮೀಟರ್ ಮುಟ್ಟುವ, ಬಯಲಲ್ಲಿ ಮೊಲದ ಬೆನ್ನಟ್ಟುವ ಆ ಓಟಗಾರನನ್ನು ರಾಯರ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರೆ ತಲೆ ಒಂದು ಕಿಟಕಿಯಲ್ಲಿ, ಬಾಲ ಇನ್ನೊಂದು ಕಿಟಕಿಯಲ್ಲಿ. ಅಂಚೆ ಚೀಟಿಯ ಅಳತೆಯಲ್ಲೇ ಸಿಕ್ಕಿದ್ದರೆ ನೋಡಬಹುದಿತ್ತು ಎಂದು ರಾಯರು ಕೈ ತೊಳೆದುಕೊಂಡರು.

ಮೂಗು ಚುರುಕಾಗಿರಲಿ, ಗಂಟಲು ದೊಡ್ಡದಿರಲಿ, ಹಟ ಬಿಡದಿರಲಿ, ನೆಲ ಅಗೆಯಲಿ ಎಂದು ತಲೆಮಾರುಗಟ್ಟಲೆ ಜನ ಆರಿಸಿ ಆರಿಸಿ ಬೆಳೆಸಿದ ಗುಣಗಳಿಗೆಲ್ಲ ರಾಯರ ಪಟ್ಟಿಯಲ್ಲಿ ಒಂದೇ ಶೀರ್ಷಿಕೆ: ‘ದೋಷಗಳು’. ಅವರಿಗೆ ಬೇಕಿದ್ದದ್ದು ಬೇಟೆನಾಯಿಯ ಬಿರುದು, ನಡವಳಿಕೆ ಮಾತ್ರ ಗುಮಾಸ್ತನದು.

ಆಮೇಲೆ ಪ್ರಯಾಣದ ಕಾನೂನು. ರೈಲಿನಲ್ಲಿ ನಾಯಿ ಜೊತೆಗೇ ಇರಬೇಕೆಂದರೆ ಎಸಿ ಫಸ್ಟ್ ಕ್ಲಾಸಿನ ಕೂಪೆಯನ್ನು ಪೂರ್ತಿ ಹಿಡಿಯಬೇಕು, ಇಲ್ಲದಿದ್ದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಕೂಪೆಯ ದರ ಲೆಕ್ಕ ಹಾಕುತ್ತಿದ್ದಾಗ ಮನೆಯವರ ಕಿವಿಗೆ ಬಿತ್ತು. “ಮದುವೆಯಾದ ಹೊಸದರಲ್ಲಿ ನನ್ನನ್ನ ರಿಸರ್ವೇಷನ್ನೂ ಇಲ್ಲದೆ ನಿಲ್ಲಿಸಿಕೊಂಡು ಹೋದೋರು ನೀವು. ನಾಯಿಗೆ ಕೂಪೆಯಾ?” ರೈಲಿನ ಹಾಳೆ ಅಲ್ಲಿಗೇ ಹರಿಯಿತು. ಬಂಡೀಪುರದಂಥ ಹುಲಿಕಾಡಿನೊಳಗೆ ಸಾಕುನಾಯಿಗೆ ಪ್ರವೇಶವಿಲ್ಲ, ಹಾಗಾಗಿ ಬೇಟೆನಾಯಿಗೆ ಕಾಡು ನೋಡುವ ಯೋಗವಿಲ್ಲ. ವಿಮಾನದ ಹಾಳೆ ಮಾತ್ರ ಉಳಿಯಿತು. 2022ರಲ್ಲಿ ಆಕಾಸ ಏರ್ ಸಾಕುಪ್ರಾಣಿಗಳಿಗೆ ಬಾಗಿಲು ತೆರೆದಾಗ ಪಂಜರವೂ ಸೇರಿ ಏಳು ಕೆಜಿ ಒಳಗಿದ್ದರೆ ಪಕ್ಕದಲ್ಲೇ ಕರೆದೊಯ್ಯಬಹುದು ಎಂದಿದ್ದನ್ನು ರಾಯರು ಕತ್ತರಿಸಿ ಅಂಟಿಸಿಟ್ಟಿದ್ದರು. ಐದು ಕೆಜಿಯ ಮಿನಿಯೇಚರ್ ಡ್ಯಾಷ್‌ಹುಂಡ್ ಮತ್ತೆ ಪಟ್ಟಿಯ ತಲೆಗೆ ಏರಿತು.

ಪಶುವೈದ್ಯರ ಬಳಿಗೂ ಹೋಗಿಬಂದರು. “ನಾಯಿ ಎಲ್ಲಿ ಸಾರ್?” ಎಂದು ಡಾಕ್ಟರು ಮೇಜಿನ ಕೆಳಗೆ ಬಗ್ಗಿ ನೋಡಿದರಂತೆ. “ಇನ್ನೂ ತಂದಿಲ್ಲ, ಪ್ರಶ್ನೆ ತಂದಿದ್ದೀನಿ” ಎಂದು ರಾಯರು ಹಾಳೆ ಬಿಚ್ಚಿದರು. ಪುಣ್ಯಾತ್ಮ ಡಾಕ್ಟರು ತಾಳ್ಮೆಯಿಂದಲೇ ಹೇಳಿದರು: ಮರಿಗಳಿಗೆ ಕಿವಿಯೊಳಗಿನ ಸಮತೋಲ ಇನ್ನೂ ಬಲಿತಿರುವುದಿಲ್ಲ, ಕಾರಿನಲ್ಲಿ ವಾಂತಿ ಮಾಡಿಕೊಳ್ಳುತ್ತವೆ, ಹೊರಡುವ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ, ರೇಬೀಸ್ ಲಸಿಕೆಯ ಪುಸ್ತಕ ಜೊತೆಗಿರಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಡಬೇಡಿ. ಕೊನೆಗೆ, “ಸಾರ್, ಮೊದಲು ಒಂದು ಸಲ ಹತ್ತಿರದ ಊರಿಗೆ ಹೋಗಿ ಅಭ್ಯಾಸ ಮಾಡಿಸಿ” ಎಂದರು. ಅಭ್ಯಾಸ ನಾಯಿಗೆ ಎಂಬುದು ಡಾಕ್ಟರ ಇಂಗಿತ. ರಾಯರು ತಮಗೆ ಎಂದು ತಿಳಿದರು.

ಈ ನಡುವೆ ಪಾರ್ಕಿನ ಶಾಸ್ತ್ರಿಗಳು ತಡೆಯಲಾರದೆ ಕೇಳಿಯೇಬಿಟ್ಟರು: “ರಾಯರೇ, ನಾಯಿ ಜೊತೆ ಯಾತ್ರೆ ಹೊರಟವರಲ್ಲಿ ಮೊದಲನೆಯವನು ಧರ್ಮರಾಯ. ಸ್ವರ್ಗದ ಬಾಗಿಲಲ್ಲಿ ದೇವೇಂದ್ರನೇ ಬೇಡ ಅಂದರೂ ಬಿಡಲಿಲ್ಲ. ಅವನೇನು ತಳಿ ವಿಚಾರಿಸಿದ್ದನೇ?”

ರಾಯರು ಗಂಭೀರವಾಗಿ ಯೋಚಿಸಿ ಹೇಳಿದರು: “ಅದಕ್ಕೇ ನೋಡಿ, ಕೊನೇಲಿ ಅದು ನಾಯಿಯೇ ಅಲ್ಲ ಅಂತಾಯ್ತು.”

ಅಭ್ಯಾಸದ ದಿನ ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೊರಟರು. ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಮೈಸೂರಿನ ಕೆಂಪು ಬಸ್ಸು. ರಾಯರ ತೊಡೆಯ ಮೇಲೆ ಹೊಚ್ಚಹೊಸ ನಾಯಿಚೀಲ, ಜಾಲರಿ ಕಿಟಕಿಯದು. ಅದರೊಳಗೆ ಮಿನಿಯೇಚರ್ ಡ್ಯಾಷ್‌ಹುಂಡ್ ತೂಕಕ್ಕೆ ಸರಿಯಾಗಿ ನಾಲ್ಕು ಕೆಜಿ ಸೋನಾ ಮಸೂರಿ, ಒಂದು ಕೆಜಿ ತೊಗರಿಬೇಳೆ. ಅಕ್ಕಿ ಮೈ, ಬೇಳೆ ತಲೆ. ರಾಯರು ಆಗಾಗ ಜಾಲರಿಯಲ್ಲಿ ಇಣುಕಿ ಗಾಳಿ ಆಡುತ್ತಿದೆಯೇ ನೋಡುತ್ತಿದ್ದರು. ಬಸ್ಸು ಉಬ್ಬು ಹಾರಿದಾಗ ಬೇಳೆ ಕಡೆ ಕೈ ಇಟ್ಟು ತಟ್ಟುತ್ತಿದ್ದರು.

ಕಂಡಕ್ಟರ್ ಬಂದ. ಜೊತೆಗೆ ಬಂದಿದ್ದ ರಾಯರ ಮನೆಯವರು, ಅಂದರೆ ನಮ್ಮ ಅಮ್ಮಾವರು, ಆಧಾರ್ ಕಾರ್ಡು ತೋರಿಸಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಪಡೆದರು. ರಾಯರು ಹಣ ಚಾಚಿ, “ಒಂದೂವರೆ ಮೈಸೂರು” ಎಂದರು.

“ಅರ್ಧ ಯಾರಿಗೆ ಯಜಮಾನ್ರೇ?”

“ನಾಯಿಗೆ. 2022ರಿಂದ ಅರ್ಧ ಟಿಕೆಟ್ ಅಲ್ವೇ?”

ಕಂಡಕ್ಟರ್ ಜಾಲರಿಗೆ ಕಣ್ಣಿಟ್ಟು ನೋಡಿದ. “ಇದು ಅಕ್ಕಿ ಅಲ್ವಾ ಸಾರ್?”

“ಸದ್ಯಕ್ಕೆ ಅಕ್ಕಿ.”

“ಮೂವತ್ತು ಕೆಜಿ ತನಕ ಲಗೇಜು ಫ್ರೀ. ಸುಮ್ನೆ ಕೂತ್ಕಳಿ.”

“ಹಾಗಲ್ಲಪ್ಪ, ಖರ್ಚಿನ ಲೆಕ್ಕ ಸರಿಯಾಗಿ ಬರಬೇಕು. ಇನ್ನೊಂದು ಮಾತು, ಹೆಣ್ಣುನಾಯಿ ಆದ್ರೆ ಶಕ್ತಿ ಯೋಜನೆ ಬರುತ್ತಾ?”

ಕಂಡಕ್ಟರ್ ಒಂದು ಕ್ಷಣ ರಾಯರನ್ನು, ಒಂದು ಕ್ಷಣ ಅಕ್ಕಿಯನ್ನು ನೋಡಿ, “ಆಧಾರ್ ಮಾಡ್ಸಿ ಸಾರ್, ನೋಡಣ” ಎಂದು ಮುಂದಿನ ಸೀಟಿಗೆ ಹೋದ. ಹಿಂದಿನಿಂದ ನಗೆ ಎದ್ದಿತು. ಅಮ್ಮಾವರು ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ರಾಮನಗರದ ಬಂಡೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮೈಸೂರು ಮುಟ್ಟಿ, ಅರಮನೆಯ ಹೊರಗಿನಿಂದಲೇ ಚೀಲಕ್ಕೆ ದರ್ಶನ ಮಾಡಿಸಿ, ಸಂಜೆ ವಾಪಸಾದೆವು. ರಾಯರ ಸಂತೋಷಕ್ಕೆ ಎಣೆಯಿಲ್ಲ. ಬೊಗಳಲಿಲ್ಲ, ವಾಂತಿ ಇಲ್ಲ, ಮದ್ದೂರಿನಲ್ಲಿ ವಡೆಯ ಕಡೆ ಕತ್ತೂ ತಿರುಗಿಸಲಿಲ್ಲ. ಪಟ್ಟಿಯ ಎಲ್ಲ ಕಾಲಂಗಳಲ್ಲೂ ಹಸಿರು ಶಾಯಿ ಬಿದ್ದದ್ದು ಅದೇ ಮೊದಲು. ಆ ರಾತ್ರಿ ಅವರ ಮನೆಯಲ್ಲಿ ನನಗೂ ಊಟ. ಅಮ್ಮಾವರು ಚೀಲ ಬಿಚ್ಚಿ, ಮೈ ಮತ್ತು ತಲೆಯನ್ನು ಒಂದೇ ಕುಕ್ಕರಿಗೆ ಹಾಕಿ ಬಿಸಿಬೇಳೆ ಬಾತ್ ಮಾಡಿದ್ದರು. ಮೇಲೆ ತುಪ್ಪ.

ಉಣ್ಣುತ್ತಲೇ ರಾಯರು ಘೋಷಿಸಿದರು: “ಆದರೂ ಒಂದೇ ತಳಿ ನೋಡಿ ತೀರ್ಮಾನ ಮಾಡಬಾರದು. ಬರೋ ಭಾನುವಾರ ಬೀಗಲ್ ತೂಕದಲ್ಲಿ ಇನ್ನೊಂದು ಸಲ ಹೋಗಿ ಬರೋಣ. ಹತ್ತು ಕೆಜಿ.”

“ಧಾರಾಳವಾಗಿ ಹೋಗಿ ಬನ್ನಿ” ಎಂದರು ಅಮ್ಮಾವರು, ನನ್ನ ಎಲೆಗೆ ಇನ್ನೊಂದು ಸೌಟು ಬಡಿಸುತ್ತಾ. “ಆದರೆ ಬೀಗಲ್‌ಗೆ ಅಕ್ಕಿ ಬೇಡ, ರಾಗಿ ತನ್ನಿ. ಡಬ್ಬಿ ಖಾಲಿಯಾಗಿದೆ. ಬರುವಾಗ ಮಿಲ್ಲು ತೆಗೆದಿದ್ರೆ ಹಾಗೇ ಬೀಸಿಸಿಕೊಂಡು ಬಂದುಬಿಡಿ.”