ಜೀರೋ ಟಿಕೆಟ್

(ತರೀಕೆರೆ ಬಸ್ ನಿಲ್ದಾಣ. ಅಜ್ಜಂಪುರದ ಈರುಳ್ಳಿ ಬೆಳೆಗಾರ ಅಜ್ಜ, ಎಂ.ಎ. ಓದುವ ಮೊಮ್ಮಗಳು, ಕಡೂರಿನ ಕಂಡಕ್ಟರ್. ಬಸ್ಸು ಹೊರಡುವುದು ಎಂದಿನಂತೆ ತಡ.)

ಅಜ್ಜ: ಶಂಕರಘಟ್ಟದ ಯೂನಿವರ್ಸಿಟಿಗೆ ಹೊಂಟ್ಯಾ ಪುಟ್ಟಿ? ಪಾಠಕ್ಕಾ?

ಮೊಮ್ಮಗಳು: ಇಲ್ಲಜ್ಜ, ಘೋಷಣೆ ಕೂಗೋಕೆ. ಫೀಸು ಏರೈತೆ.

ಅಜ್ಜ: ಬಸ್ ಚಾರ್ಜು?

ಮೊಮ್ಮಗಳು: 2023ರಿಂದ ‘ಶಕ್ತಿ’ ಯೋಜನೆ. ಆಧಾರ್ ತೋರ್ಸಿದ್ರೆ ಹೆಂಗಸ್ರಿಗೆ ಪುಕ್ಕಟೆ, ಜೀರೋ ಟಿಕೆಟ್.

ಅಜ್ಜ: ಹಂಗಾದ್ರೆ ಇಳೀಬ್ಯಾಡ. ಬಸ್ಸಲ್ಲೇ ಕೂತು ಎಂ.ಎ. ಮುಗಿಸ್ಬಿಡು.

ಕಂಡಕ್ಟರ್: 1992ರಲ್ಲೇ ಮೋಹಿನಿ ಜೈನ್ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳೈತೆ ಅಜ್ಜ, ವಿದ್ಯೆ ಹಕ್ಕು, ಡೊನೇಶನ್ ತಗೋಬಾರ್ದು ಅಂತ. ನಮ್ಮ ಕರ್ನಾಟಕದ್ದೇ ಕೇಸು!

ಅಜ್ಜ: ಕೋರ್ಟಿನ ಮಾತಿಗೆ ಎಷ್ಟು ಮರ್ವಾದೆ ನೋಡಪ್ಪ! ಡೊನೇಶನ್ ಅನ್ನೋದನ್ನೇ ಬಿಟ್ರು. ಈಗ ‘ಅಭಿವೃದ್ಧಿ ಶುಲ್ಕ’.

ಮೊಮ್ಮಗಳು: ಯಾರ ಅಭಿವೃದ್ಧಿ?

ಕಂಡಕ್ಟರ್: ರಸೀದೀಲಿ ಅಷ್ಟು ಜಾಗ ಇರಲ್ಲ ಕಣಮ್ಮ.

ಅಜ್ಜ: ನಮ್ಮ ಈರುಳ್ಳಿಗೆ ರೇಟು ಬಂದ್ರೆ ಡೆಲ್ಲಿಯೋರಿಗೇ ಕಣ್ಣೀರು. 2023ರಲ್ಲಿ ರಫ್ತೇ ನಿಲ್ಸಿದ್ರು. ಫೀಸು ಏರಿದ್ರೆ ಏನು ಮಾಡ್ತಾರೆ?

ಮೊಮ್ಮಗಳು: ಸಮಿತಿ ಮಾಡ್ತಾರೆ.

ಅಜ್ಜ: ಸಮಿತಿಗೆ ಫೀಸು?

ಮೊಮ್ಮಗಳು: ಅದಕ್ಕೆ ಭತ್ಯೆ.

ಅಜ್ಜ: ಮೊದ್ಲೇ ಗೊತ್ತಿದ್ರೆ ನಿನ್ನ ಸಮಿತಿಗೇ ಸೇರಿಸ್ತಿದ್ದೆ.

ಮೊಮ್ಮಗಳು: ಸ್ಕಾಲರ್‌ಶಿಪ್ ಬರುತ್ತಂತೆ.

ಅಜ್ಜ: ಯಾವಾಗ?

ಕಂಡಕ್ಟರ್: ಮದುವೆಗೆ ಮುಯ್ಯಿ ಆಗ್ತದೆ ಬಿಡಿ. ಅಜ್ಜ, ನಿಮ್ದು ಟಿಕೆಟ್?

ಅಜ್ಜ: ಸ್ಟೂಡೆಂಟ್ ಅಂತ ಬರ್ಕೊ… ಅಯ್ಯೋ ಬ್ಯಾಡಪ್ಪ! ಫುಲ್ ಟಿಕೆಟ್ಟೇ ಹರಿ. ಅದೇ ಅಗ್ಗ.